1993ರ ಮಾರುತಿ 800: ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್, ಬಿಸಿ ಆದ ಮೇಲೆ ಎಷ್ಟು ಹೊಡೆದರೂ ಇಲ್ಲ

ಬಿಳಿ800_ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಗಾಡಿ 1993ರ ಮಾರುತಿ 800, ಕಾರ್ಬೊರೇಟರ್ ಮಾಡೆಲ್, ಕೆಎ-34. ಅಪ್ಪ ತಗೊಂಡಿದ್ದು, ಈಗ ನಾನು ಓಡಿಸುತ್ತೇನೆ. ಆರ್‌ಸಿ ರಿನ್ಯೂ ಆಗಿದೆ, ಇನ್ಶೂರೆನ್ಸ್ ಇದೆ, ಮಾರುವ ಯೋಚನೆ ಇಲ್ಲ. ‘ಗುಜರಿಗೆ ಹಾಕಿ’ ಅನ್ನುವವರು ದಯವಿಟ್ಟು ಬೇರೆ ಕಡೆ ಹೋಗಿ.

ತೊಂದರೆ ಇದು. ಬೆಳಗ್ಗೆ ಚೋಕ್ ಎಳೆದು ಕೀ ತಿರುಗಿಸಿದರೆ ಒಂದೇ ಸಲಕ್ಕೆ ಹಿಡಿಯುತ್ತದೆ. ಕುರುಗೋಡಿಗೆ ಹೋಗಿ, ಗಾಡಿ ನಿಲ್ಲಿಸಿ, ಅರ್ಧ ಗಂಟೆ ಕೆಲಸ ಮುಗಿಸಿ ಬಂದು ಕೀ ಹಾಕಿದರೆ ಮುಗೀತು. ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯಲ್ಲ. ನೆರಳಿಗೆ ತಳ್ಳಿ, ಚಹಾ ಕುಡಿದು, ಊರ ಸುದ್ದಿ ಎಲ್ಲ ಮಾತಾಡಿ ಬಂದು ಹೊಡೆದರೆ ಏನೂ ಆಗಿಲ್ಲದ ಹಾಗೆ ಸ್ಟಾರ್ಟ್. ತಳ್ಳಿದರೆ ಬಿಸಿ ಇದ್ದಾಗಲೂ ಒಮ್ಮೊಮ್ಮೆ ಹಿಡಿಯುತ್ತದೆ.

ಅದನ್ನು ಕೇಳಿ ಒಬ್ಬರು ಬ್ಯಾಟರಿ ಬದಲಿಸಿದರು. ಇನ್ನೊಂದು ಗ್ಯಾರೇಜಿನಲ್ಲಿ ಕಾರ್ಬೊರೇಟರ್ ಬಿಚ್ಚಿ ತೊಳೆದರು. ಈಗ ಪೆಟ್ರೋಲ್ ಪಂಪ್ ಹಾಕಿಸಿ ಅನ್ನುತ್ತಿದ್ದಾರೆ. ಗ್ಯಾರೇಜಿಗೆ ಒಯ್ದಾಗ ಮಾತ್ರ ಗಾಡಿ ಏನೂ ತಕರಾರು ಮಾಡಲ್ಲ. ಪಂಪ್ ಹಾಕಿಸಲಾ, ಬೇಡವಾ?

ಕೌಲ್‌ಬಜಾರ್_ಹುಡುಗ

ಏರ್ ಲಾಕ್ ಅಣ್ಣ, ಬೇರೇನಿಲ್ಲ. ನಮ್ಮ ಬಿಸಿಲಿಗೆ ಪೆಟ್ರೋಲ್ ಪೈಪಿನಲ್ಲೇ ಆವಿ ಆಗುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಸ್ಟಾರ್ಟ್ ಆಗುತ್ತದೆ.

ಪದ್ಮಿನಿ_ಪ್ರೇಮಿ, ಗಂಗಾವತಿ

ಒದ್ದೆ ಬಟ್ಟೆಗೆ ನನ್ನದೂ ಒಂದು ಓಟು. ನಮ್ಮ ಹಳೇ ಪದ್ಮಿನಿ ಕಾರಿನಲ್ಲಿ ಬೇಸಿಗೆ ಬಂತೆಂದರೆ ಡಿಕ್ಕಿಯಲ್ಲಿ ಒಂದು ಹಳೇ ಟವೆಲ್, ಒಂದು ಕ್ಯಾನ್ ನೀರು ಇರಲೇಬೇಕಿತ್ತು. ಘಾಟಿ ಹತ್ತಿದರೆ ಬಾನೆಟ್ ತೆಗೆದು ಪಂಪಿಗೆ ಟವೆಲ್ ಸುತ್ತುವುದೇ ಕೆಲಸ. ಆ ಕಾಲದ ಟ್ಯಾಕ್ಸಿ ಡ್ರೈವರುಗಳಿಗೆ ಇದು ಬಾಯಿಪಾಠ.

ಕೊಪ್ಪಳ37

ಟರ್ಮಿನಲ್ ಕ್ಲೀನ್ ಮಾಡಿಸಿದ್ದೀರಾ? ತಳ್ಳಿದರೆ ಸ್ಟಾರ್ಟ್ ಆಗುತ್ತದೆ ಅಂದರೆ ಬ್ಯಾಟರಿ ಕಡೆಯೇ ತೊಂದರೆ ಅಲ್ವಾ?

ಹಳೇ_ಸ್ಪ್ಯಾನರ್, ರಾಯಚೂರು

ತಮ್ಮಾ, ಸದ್ಯಕ್ಕೆ ಪಂಪ್ ಬೇಡ. ಏನನ್ನೂ ಬದಲಿಸಬೇಡಿ. ನಾನು ಈಗ ಗ್ಯಾರೇಜ್ ಬಿಟ್ಟಿದ್ದೇನೆ, ಆದರೆ ಈ ಗಾಡಿಗಳ ಕೆಳಗೆ ಮಲಗಿಯೇ ಅರ್ಧ ಆಯುಷ್ಯ ಕಳೆದಿದ್ದೇನೆ.

ಕೀ ತಿರುಗಿಸಿದರೆ ಸದ್ದೇ ಇಲ್ಲ, ಇಲ್ಲ ಬರೀ ಟಿಕ್ ಟಿಕ್ ಅನ್ನುತ್ತದೆ, ಇಲ್ಲ ಸೆಲ್ಫ್ ಸುಸ್ತಾಗಿ ತಿರುಗುತ್ತದೆ ಅಂದರೆ ಬ್ಯಾಟರಿ, ಟರ್ಮಿನಲ್, ಅರ್ಥ್, ಸೆಲ್ಫ್ ಮೋಟರ್ ನೋಡಬೇಕು. ನಿಮ್ಮ ಸೆಲ್ಫ್ ಚೆನ್ನಾಗಿ ತಿರುಗುತ್ತದೆ. ಅಲ್ಲಿಗೆ ಆ ಕಡೆಯನ್ನು ಬಿಡಿ. ಟೈಮಿಂಗ್ ಬೆಲ್ಟ್ ಕಿತ್ತಿದ್ದರೆ ತಣ್ಣಗಾದರೂ ಸ್ಟಾರ್ಟ್ ಆಗುತ್ತಿರಲಿಲ್ಲ, ಅದನ್ನೂ ಬಿಡಿ. ಉಳಿದದ್ದು ಇಷ್ಟೇ: ಪೆಟ್ರೋಲ್ ಬರುತ್ತಿಲ್ಲ, ಅಥವಾ ಜಾಸ್ತಿ ಬಂದು ಪ್ಲಗ್ ಒದ್ದೆ ಆಗಿದೆ, ಅಥವಾ ಪ್ಲಗ್ಗಿನಲ್ಲಿ ಕರೆಂಟ್ ಇಲ್ಲ.

ಯಾವುದು ಅಂತ ಇಲ್ಲಿ ಕೂತು ಹೇಳಲು ಆಗಲ್ಲ. ಗ್ಯಾರೇಜಿನವರಿಗೂ ಆಗಲ್ಲ. ಗಾಡಿ ಅವರ ಹತ್ತಿರ ಬರುವ ಹೊತ್ತಿಗೆ ತಣ್ಣಗಾಗಿ, ಸರಿಯಾಗಿಯೇ ಬಂದಿರುತ್ತದೆ. ಅವರು ಏನು ನೋಡಬೇಕು ಪಾಪ? ಅದಕ್ಕೇ ಒಂದೊಂದೇ ಸಾಮಾನು ಬದಲಿಸುತ್ತಾ ಹೋಗುತ್ತಾರೆ. ಅದು ನಿಂತಾಗಲೇ ನೋಡಬೇಕು. ನಿಂತ ಜಾಗದಲ್ಲಿ, ಬಿಸಿಲಲ್ಲಿ, ಮೊದಲ ಹತ್ತು ನಿಮಿಷದೊಳಗೆ. ಚಹಾ ಆಮೇಲೆ ಕುಡಿಯಿರಿ.

ಡಿಕ್ಕಿಯಲ್ಲಿ ಪ್ಲಗ್ ಪಾನಾ, ಒಂದು ಸ್ಪೇರ್ ಪ್ಲಗ್, ಸ್ಕ್ರೂಡ್ರೈವರ್, ಕರೆಂಟ್ ಇದೆಯಾ ಅಂತ ನೋಡುವ ಟೆಸ್ಟ್ ಲ್ಯಾಂಪ್ ಇಟ್ಟುಕೊಳ್ಳಿ. ಗಾಡಿ ಹಿಡಿಯಲಿಲ್ಲ ಅಂದ ತಕ್ಷಣ ಏರ್ ಫಿಲ್ಟರ್ ಮುಚ್ಚಳ ತೆಗೆದು ಕಾರ್ಬೊರೇಟರ್ ಬಾಯಿಯೊಳಗೆ ನೋಡಿ. ಕೀ ಆಫ್ ಇರಲಿ. ಎಕ್ಸಲೇಟರ್ ಲಿವರ್ ಕೈಯಲ್ಲಿ ಒಮ್ಮೆ ಜೋರಾಗಿ ಎಳೆಯಿರಿ. ಒಳಗೆ ಸಣ್ಣ ಧಾರೆಯಾಗಿ ಪೆಟ್ರೋಲ್ ಚಿಮ್ಮಬೇಕು. ಚಿಮ್ಮಿದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಇದೆ. ಏರ್ ಲಾಕ್ ಮಾತು ಅಲ್ಲಿಗೆ ಮುಗೀತು. ಚಿಮ್ಮಲಿಲ್ಲ ಅಂದರೆ ಪಂಪು, ಫಿಲ್ಟರು, ಪೈಪು. ಟ್ಯಾಂಕಿನ ಮುಚ್ಚಳವನ್ನೂ ತೆಗೆದು ನೋಡಿ. ಉಸ್ ಅಂತ ಗಾಳಿ ಎಳೆದುಕೊಂಡರೆ ಮುಚ್ಚಳದ ಉಸಿರು ಕಟ್ಟಿದೆ ಅಂತ ಅರ್ಥ.

ಆಮೇಲೆ ಕರೆಂಟ್. ಏರ್ ಫಿಲ್ಟರ್ ಮುಚ್ಚಳ ಮೊದಲು ವಾಪಸ್ ಹಾಕಿ, ಅಲ್ಲಿ ಪೆಟ್ರೋಲ್ ಆವಿ ಇರುತ್ತದೆ. ಒಂದು ಪ್ಲಗ್ ವೈರ್ ಕಿತ್ತು ಸ್ಪೇರ್ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಕಬ್ಬಿಣದ ಮೈ ಎಂಜಿನ್ನಿನ ಬರಿ ಲೋಹಕ್ಕೆ ತಾಗುವ ಹಾಗೆ ಇಟ್ಟು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಕೈಯಲ್ಲಿ ಮಾತ್ರ ಹಿಡಿಯಬೇಡಿ, ಹಲ್ಲು ಕಟಕಟ ಅನ್ನುತ್ತದೆ. ಕಿಡಿ ನೀಲಿ ಇರಬೇಕು, ಚಟ್ ಚಟ್ ಅಂತ ಕೇಳಬೇಕು. ಕಿತ್ತಳೆ ಬಣ್ಣದಲ್ಲಿ ನೂಲಿನ ಹಾಗೆ ಬಂದರೆ ಅದು ಕಿಡಿ ಅಲ್ಲ.

ಇಷ್ಟು ನೋಡಿ ಬಂದು ಹೇಳಿ.

ಕೆಂಪುಧೂಳು, ಸಂಡೂರು

ಎಲ್ಲ ಎಥೆನಾಲ್ ಮಹಿಮೆ ಸರ್. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಇ20, ಅಂದರೆ ನೂರಕ್ಕೆ ಇಪ್ಪತ್ತು ಎಥೆನಾಲ್ ಬೆರೆಸಿದ ಪೆಟ್ರೋಲ್, ಬಿಟ್ಟರು. ನಮ್ಮ ಹಳೇ ಗಾಡಿಗಳ ರಬ್ಬರ್ ಅದಕ್ಕೆ ಮಾಡಿದ್ದಲ್ಲ. ನನ್ನ ಓಮ್ನಿಯಲ್ಲಿ ಪೆಟ್ರೋಲ್ ಪೈಪ್ ಒಳಗಿನಿಂದ ಮೆತ್ತಗಾಗಿ ಕಪ್ಪು ಚೂರು ಉದುರುತ್ತಿತ್ತು. ಕಾರ್ಬೊರೇಟರಿನ ಸಣ್ಣ ತೂತಿನಲ್ಲಿ, ಅದೇ ಜೆಟ್ಟಿನಲ್ಲಿ, ಸಿಕ್ಕಿಕೊಂಡು ಗಾಡಿ ನಡುದಾರಿಯಲ್ಲಿ ನಿಲ್ಲುತ್ತಿತ್ತು.

ಹಳೇ_ಸ್ಪ್ಯಾನರ್, ರಾಯಚೂರು

ಪೈಪಿನ ಮಾತು ನಿಜ. ಇಪ್ಪತ್ತು ಮೂವತ್ತು ವರ್ಷದ ಗಾಡಿ ಇದ್ದವರು ಪೆಟ್ರೋಲಿನ ರಬ್ಬರ್ ಪೈಪ್‌ಗಳನ್ನೆಲ್ಲ ಬದಲಿಸಿಬಿಡಿ, ಎಥೆನಾಲ್ ತಡೆಯುವ ಪೈಪ್ ಕೇಳಿ ತಗೊಳ್ಳಿ. ತುಂಬ ದಿನ ನಿಲ್ಲಿಸಿದ ಗಾಡಿಯ ಟ್ಯಾಂಕಿನಲ್ಲಿ ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ತಗಡಿನ ಟ್ಯಾಂಕ್ ತುಕ್ಕು ಹಿಡಿಯುತ್ತದೆ. ಆದರೆ ಪೈಪಿನ ಚೂರು ಸಿಕ್ಕಿಕೊಂಡರೆ ಬೆಳಗ್ಗೆಯೂ ತೊಂದರೆ ಕೊಡುತ್ತದೆ, ಮಧ್ಯಾಹ್ನವೂ ಕೊಡುತ್ತದೆ. ಬಿಸಿಲು ನೋಡಿಕೊಂಡು ಬರಲ್ಲ.

ಕೆಂಪುಧೂಳು, ಸಂಡೂರು

ಬಿಸಿಗೆ ಎಥೆನಾಲ್ ಬೇಗ ಕುದಿಯಲ್ವಾ ಹಾಗಾದರೆ?

ಮೀಟರ್_ಮೇಷ್ಟ್ರು, ಬಳ್ಳಾರಿ

ಎಥೆನಾಲ್ ಕುದಿಯುವುದು ಸುಮಾರು 78 ಡಿಗ್ರಿಗೆ. ಪೆಟ್ರೋಲಿನಲ್ಲಿರುವ ಹಗುರ ಅಂಶ ಅದಕ್ಕಿಂತ ಎಷ್ಟೋ ಮುಂಚೆಯೇ ಆವಿ ಆಗಲು ಶುರು ಮಾಡುತ್ತದೆ. ಎರಡೂ ಬೆರೆತಾಗ ಆವಿ ಸ್ವಲ್ಪ ಜಾಸ್ತಿ ಏಳುವುದು ಹೌದು. ಬಿಸಿ ಎಂಜಿನ್ ನಿಲ್ಲಿಸಿದ ಮೇಲೆ ಇನ್ನೊಂದು ಆಗುತ್ತದೆ. ಕಾರ್ಬೊರೇಟರ್ ಬಟ್ಟಲಿನಲ್ಲಿ ಪೆಟ್ರೋಲ್ ಕುದ್ದು ಉಕ್ಕಿ ಒಳಗೆ ಇಳಿಯುತ್ತದೆ. ಆಗ ಪೆಟ್ರೋಲ್ ಕಡಿಮೆ ಅಲ್ಲ, ಜಾಸ್ತಿ. ಜನ ಇದಕ್ಕೂ ಏರ್ ಲಾಕ್ ಅನ್ನುತ್ತಾರೆ, ಎಕ್ಸಲೇಟರ್ ಪಟಪಟ ತುಳಿಯುತ್ತಾರೆ. ತುಳಿದಷ್ಟೂ ಇನ್ನೂ ಸುರಿಯುತ್ತದೆ. ಪೆಟ್ರೋಲ್ ವಾಸನೆ ಮೂಗಿಗೆ ಬಡಿದರೆ ಚೋಕ್ ಪೂರ್ತಿ ಒಳಗೆ ಹಾಕಿ, ಎಕ್ಸಲೇಟರ್ ತಳಕ್ಕೆ ಒತ್ತಿ ಹಿಡಿದು, ಬಿಡದೆ, ಸೆಲ್ಫ್ ಹೊಡೆಯಬೇಕು. ಹತ್ತು ಸೆಕೆಂಡಿಗಿಂತ ಜಾಸ್ತಿ ಎಳೆಯಬೇಡಿ, ಮಧ್ಯೆ ಅರ್ಧ ನಿಮಿಷ ಬಿಡಿ. ಸೆಲ್ಫ್ ಮೋಟರ್ ಸುಟ್ಟರೆ ಅದು ಬೇರೆ ಖರ್ಚು.

ಸಿಂಧನೂರು_ಭತ್ತ

ಮಧ್ಯೆ ನನ್ನದೊಂದು ಕೇಳಲಾ? ನಂದು ಬಿಸಿ ತಣ್ಣಗೆ ಏನಿಲ್ಲ. ಕೀ ತಿರುಗಿಸಿದರೆ ಟಿಕ್ ಅನ್ನುತ್ತದೆ, ಅಷ್ಟೇ. ಲೈಟ್ ಚೆನ್ನಾಗಿ ಉರಿಯುತ್ತದೆ. ಹಾರ್ನ್ ಜೋರು. 1999ರ ಗಾಡಿ. ಬ್ಯಾಟರಿ ಅಂಗಡಿಯವರು ಹೊಸ ಬ್ಯಾಟರಿ ಅನ್ನುತ್ತಿದ್ದಾರೆ.

ಮೀಟರ್_ಮೇಷ್ಟ್ರು, ಬಳ್ಳಾರಿ

ಲೈಟು, ಹಾರ್ನು ನಂಬಬೇಡಿ. ಅವಕ್ಕೆ ಬೇಕಾದ ಕರೆಂಟ್ ಕೆಲವೇ ಆಂಪಿಯರ್. ಸೆಲ್ಫ್ ಮೋಟರಿಗೆ ನೂರರ ಲೆಕ್ಕದಲ್ಲಿ ಬೇಕು. ಅರ್ಧ ಕೊಳೆತ ವೈರಿನಲ್ಲೂ ಲೈಟ್ ಉರಿಯುತ್ತದೆ, ಸೆಲ್ಫ್ ತಿರುಗಲ್ಲ.

ಸಾಧಾರಣ ಡಿಜಿಟಲ್ ಮೀಟರ್ ಸಾಕು. ರಾತ್ರಿ ಪೂರ್ತಿ ನಿಂತ ಗಾಡಿಯ ಬ್ಯಾಟರಿ ಅಳೆಯಿರಿ. 12.6 ವೋಲ್ಟ್ ಇದ್ದರೆ ತುಂಬಿದೆ. 12.4 ಪರವಾಗಿಲ್ಲ. 12ಕ್ಕೆ ಬಂದರೆ ಖಾಲಿ ಅಂತಲೇ. ಸೆಲ್ಫ್ ಹೊಡೆಯುವಾಗ ಹತ್ತರ ಹತ್ತಿರ ಇಳಿಯುವುದು ಸಹಜ. ಒಂಬತ್ತಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ ಪಡಿ.

ಬ್ಯಾಟರಿ ಸರಿ ಇದ್ದರೆ ಮೀಟರಿನ ಒಂದು ಮುಳ್ಳು ಬ್ಯಾಟರಿಯ ಮೈನಸ್ ಕಂಬದ ಮೇಲೆ. ಟರ್ಮಿನಲ್ ಮೇಲಲ್ಲ, ಸೀಸದ ಕಂಬದ ಮೇಲೇ. ಇನ್ನೊಂದು ಮುಳ್ಳು ಎಂಜಿನ್ ಲೋಹದ ಮೇಲೆ. ಈಗ ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅಷ್ಟು ವೋಲ್ಟ್ ಅರ್ಥ್ ವೈರಿನಲ್ಲೇ ಹಾಳಾಗುತ್ತಿದೆ. ಪ್ಲಸ್ ಕಡೆಯೂ ಹೀಗೇ, ಕಂಬದಿಂದ ಸೆಲ್ಫ್ ಮೋಟರಿನ ದಪ್ಪ ವೈರ್ ಕೂರುವ ಬೋಲ್ಟ್ ತನಕ.

ಸಿಂಧನೂರು_ಭತ್ತ

ಮೈನಸ್ ಕಡೆ 3 ವೋಲ್ಟ್ ಮೇಲೆ ತೋರಿಸುತ್ತಿದೆ!

ಮೀಟರ್_ಮೇಷ್ಟ್ರು, ಬಳ್ಳಾರಿ

ಸಿಕ್ಕಿತಲ್ಲ. ಬ್ಯಾಟರಿಯಿಂದ ಬಾಡಿಯ ತಗಡಿಗೆ ಹೋಗುವ ವೈರ್, ಬಾಡಿಯಿಂದ ಗೇರ್‌ಬಾಕ್ಸಿಗೆ ಹೋಗುವ ಹೆಣೆದ ಪಟ್ಟಿ, ಎರಡೂ ಬಿಚ್ಚಿ. ಬೋಲ್ಟ್ ಕೂರುವ ಜಾಗವನ್ನು ಎಮರಿ ಪೇಪರಿನಲ್ಲಿ ಹೊಳೆಯುವ ತನಕ ಉಜ್ಜಿ, ಬಿಗಿಯಾಗಿ ಕೂರಿಸಿ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಇದ್ದರೆ ಬಿಸಿನೀರು ಸುರಿದು ಬ್ರಷ್ ಹಾಕಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಸಿಂಧನೂರು_ಭತ್ತ

ಪಟ್ಟಿ ಮುಟ್ಟಿದ್ದಕ್ಕೇ ಎಳೆ ಎಳೆ ಉದುರಿತು ಸರ್. ಹೊಸ ಪಟ್ಟಿ ಹಾಕಿಸಿದೆ. ಸೆಲ್ಫ್ ಈಗ ಎಷ್ಟು ಜೋರು ಅಂದರೆ ಮನೆಯವರು ಒಳಗಿಂದ ‘ಏನಾಯ್ತು’ ಅಂತ ಬಂದರು. ಬ್ಯಾಟರಿ ದುಡ್ಡು ಉಳಿಯಿತು. ಇನ್ನು 800ರವರ ಕಥೆ ಮುಂದುವರಿಯಲಿ.

ಬಿಳಿ800_ಬಳ್ಳಾರಿ

ಬಂದೆ. ಇವತ್ತು ಕುರುಗೋಡಿನಲ್ಲಿ ಸ್ಪ್ಯಾನರ್ ಅಣ್ಣಾರು ಹೇಳಿದ ಹಾಗೇ ಮಾಡಿದೆ. ಸಂತೆಗೆ ಬಂದ ಜನ ಎಲ್ಲ ಸುತ್ತ ನಿಂತು ತಲೆಗೊಂದು ಸಲಹೆ ಕೊಟ್ಟರು, ಅದಿರಲಿ.

ಎಕ್ಸಲೇಟರ್ ಲಿವರ್ ಎಳೆದರೆ ಪೆಟ್ರೋಲ್ ಚೆನ್ನಾಗಿ ಚಿಮ್ಮುತ್ತದೆ. ಎಕ್ಸಲೇಟರ್ ತಳಕ್ಕೆ ಒತ್ತಿ ಹಿಡಿದು ಹೊಡೆದರೂ ಹಿಡಿಯಲಿಲ್ಲ. ಒದ್ದೆ ಬಟ್ಟೆಯೂ ಹಾಕಿದೆ, ಪ್ರಯೋಜನ ಇಲ್ಲ. ಸ್ಪೇರ್ ಪ್ಲಗ್ ಇಟ್ಟು ನೋಡಿದರೆ ಒಂದೆರಡು ಸಲ ಕಿತ್ತಳೆ ಬಣ್ಣದ ಸಣ್ಣ ಎಳೆ ಬಂತು, ಆಮೇಲೆ ಅದೂ ಇಲ್ಲ. ಸೆಲ್ಫ್ ಹೊಡೆಯುವಾಗ ಬ್ಯಾಟರಿ 10.4 ವೋಲ್ಟ್. ತಣ್ಣಗಾದ ಮೇಲೆ ಅದೇ ಪ್ಲಗ್ಗಿನಲ್ಲಿ ನೀಲಿ ಕಿಡಿ ಬಂತು, ಸದ್ದೂ ಕೇಳಿಸಿತು.

ಪದ್ಮಿನಿ_ಪ್ರೇಮಿ, ಗಂಗಾವತಿ

ಹಾಗಾದರೆ ನನ್ನ ಟವೆಲ್ ಮಡಚಿ ಇಟ್ಟೆ. ಇದು ಇಗ್ನಿಷನ್ ಕಾಯಿಲ್, ಪ್ಲಗ್ಗಿನ ಕಿಡಿಗೆ ವೋಲ್ಟ್ ಏರಿಸಿ ಕೊಡುವುದು. ಬಿಸಿಗೆ ಒಳಗಿನ ಸುತ್ತು ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಕೂಡಿಕೊಳ್ಳುತ್ತದೆ. ಕಾಯಿಲ್ ತಂದು ಹಾಕಿ.

ಹಳೇ_ಸ್ಪ್ಯಾನರ್, ರಾಯಚೂರು

ಇರಬಹುದು. ಆದರೆ ಕೊಳ್ಳುವ ಮುಂಚೆ ನೋಡಬೇಕಾದ್ದು ಇದೆ. 93ರ ಗಾಡಿ ಅಂದರೆ ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಸಿಬಿ ಪಾಯಿಂಟ್ ಇರುತ್ತದೆ, ಕಾಯಿಲಿನ ಕರೆಂಟನ್ನು ಕೂಡಿಸಿ ಬಿಡಿಸುವ ಸಣ್ಣ ಸ್ವಿಚ್. ಮೇಷ್ಟ್ರೇ, ಟೆಸ್ಟ್ ಲ್ಯಾಂಪಿನದು ನೀವು ಹೇಳಿ, ನನಗೆ ಟೈಪ್ ಮಾಡಿ ಬೆರಳು ನೋಯುತ್ತಿದೆ.

ಮೀಟರ್_ಮೇಷ್ಟ್ರು, ಬಳ್ಳಾರಿ

ಕೀ ಆನ್ ಮಾಡಿ ಕಾಯಿಲ್ ಪ್ಲಸ್ ಕಡೆ ಲ್ಯಾಂಪ್ ಹಿಡಿದರೆ ಉರಿಯಬೇಕು. ಉರಿಯದಿದ್ದರೆ ಕೀ ಸ್ವಿಚ್, ಫ್ಯೂಸ್, ವೈರ್ ನೋಡಿ. ಉರಿದರೆ ಲ್ಯಾಂಪನ್ನು ಕಾಯಿಲ್ ಮೈನಸ್ ಕಡೆ ಹಿಡಿದು ಸೆಲ್ಫ್ ಹೊಡೆಸಿ. ಮಿಣುಕು ಮಿಣುಕು ಅನ್ನಬೇಕು. ಹಾಗಂದರೆ ಪಾಯಿಂಟ್ ತೆರೆದು ಮುಚ್ಚುತ್ತಿದೆ. ಒಂದೇ ಸಮ ಉರಿದರೆ ಪಾಯಿಂಟ್ ಕೂಡುತ್ತಿಲ್ಲ. ಉರಿಯಲೇ ಇಲ್ಲ ಅಂದರೆ ಪಾಯಿಂಟ್ ತೆರೆಯುತ್ತಿಲ್ಲ, ಇಲ್ಲವೇ ಪಾಯಿಂಟಿಗೆ ಜೋಡಿಸಿರುವ ಕಂಡೆನ್ಸರ್ ಶಾರ್ಟ್ ಆಗಿದೆ. ಪರೀಕ್ಷೆ ಮುಗಿದ ತಕ್ಷಣ ಕೀ ಆಫ್. ಎಂಜಿನ್ ನಿಂತು ಕೀ ಆನ್ ಬಿಟ್ಟರೆ ಕಾಯಿಲ್ ಸುಡುತ್ತದೆ.

ಕಾಯಿಲನ್ನೂ ಅಳೆಯಬಹುದು. ಪ್ಲಸ್‌ನಿಂದ ಮೈನಸ್‌ಗೆ ಒಂದರಿಂದ ಮೂರು ಓಮ್ ಆಸುಪಾಸು. ಮಧ್ಯದ ದಪ್ಪ ವೈರ್ ಕೂರುವ ಬಾಯಿಗೆ ಕೆಲವು ಸಾವಿರ ಓಮ್. ಬಿಸಿ ಇದ್ದಾಗಲೇ ಅಳೆಯಿರಿ. ತಣ್ಣಗಿದ್ದಾಗ ಎಂಥ ಕಾಯಿಲೂ ಸರಿಯಾಗಿಯೇ ತೋರಿಸುತ್ತದೆ.

ಕೊಪ್ಪಳ37

ನನಗೊಂದು ಅನುಮಾನ. ಕರೆಂಟೇ ಇಲ್ಲ ಅಂದರೆ ಓಡುತ್ತಿರುವಾಗ ಯಾಕೆ ನಿಲ್ಲಲ್ಲ? ಬರೀ ನಿಲ್ಲಿಸಿದ ಮೇಲೆ ಯಾಕೆ? ತಳ್ಳಿದರೆ ಯಾಕೆ ಹಿಡಿಯುತ್ತದೆ?

ಹಳೇ_ಸ್ಪ್ಯಾನರ್, ರಾಯಚೂರು

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೊಂದು ಪ್ಲೇಟ್ ಒಗ್ಗರಣೆ ಮಿರ್ಚಿ ನನ್ನ ಲೆಕ್ಕದಲ್ಲಿ.

ಓಡುವಾಗ ಬಾನೆಟ್ ಒಳಗೆ ಗಾಳಿ ಆಡುತ್ತದೆ. ನಿಲ್ಲಿಸಿದ ತಕ್ಷಣ ಗಾಳಿ ನಿಂತಿತು, ನೀರು ಸುತ್ತುವುದೂ ನಿಂತಿತು. ಎಂಜಿನ್ನಿನ ಬಿಸಿ ಎಲ್ಲ ಮೇಲಕ್ಕೆ ಏರುತ್ತದೆ. ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ಬಾನೆಟ್ ಒಳಗಿನ ಬಿಸಿ ಇಳಿಯಲ್ಲ, ಏರುತ್ತದೆ. 800ರಲ್ಲಿ ಡಿಸ್ಟ್ರಿಬ್ಯೂಟರ್ ಎಂಜಿನ್ ಹೆಡ್ಡಿಗೇ ಅಂಟಿಕೊಂಡು ಕೂತಿದೆ.

ಇನ್ನೊಂದು ವೋಲ್ಟ್ ಲೆಕ್ಕ. ಎಂಜಿನ್ ಓಡುವಾಗ ಆಲ್ಟರ್ನೇಟರಿನಿಂದ ಕಾಯಿಲಿಗೆ 14ರ ಹತ್ತಿರ ಸಿಗುತ್ತದೆ. ಸೆಲ್ಫ್ ಹೊಡೆಯುವಾಗ ಬರೀ 10.4. ಅರ್ಧ ಕೆಟ್ಟ ಸಾಮಾನು 14ರಲ್ಲಿ ಹೇಗೋ ಕಿಡಿ ಕೊಡುತ್ತದೆ, ಹತ್ತರಲ್ಲಿ ಕೊಡಲ್ಲ. ತಳ್ಳಿದರೆ ಸೆಲ್ಫ್ ಮೋಟರ್ ಕರೆಂಟ್ ತಿನ್ನುವುದಿಲ್ಲ, ಕಾಯಿಲಿಗೆ ಪೂರ್ತಿ 12 ಸಿಗುತ್ತದೆ. ಅದಕ್ಕೇ ಒಮ್ಮೊಮ್ಮೆ ಹಿಡಿಯುತ್ತದೆ. ತಳ್ಳಿದರೆ ಹಿಡಿಯಿತು ಅಂತ ಬ್ಯಾಟರಿ ಬದಲಿಸಿದರಲ್ಲ, ಬ್ಯಾಟರಿ ಪಾಪ ತನ್ನ ಕೆಲಸ ಮಾಡುತ್ತಿತ್ತು.

ತಮ್ಮಾ, ಓಡುವಾಗ ಗಾಡಿ ಒಮ್ಮೊಮ್ಮೆ ಜಗ್ಗುತ್ತದಾ?

ಬಿಳಿ800_ಬಳ್ಳಾರಿ

ಹೌದು, ಮಧ್ಯಾಹ್ನ ನಾಲ್ಕನೇ ಗೇರಿನಲ್ಲಿ ಎಕ್ಸಲೇಟರ್ ಒತ್ತಿದರೆ ಒಂದೆರಡು ಸಲ ಜಗ್ಗುತ್ತದೆ. ಪೆಟ್ರೋಲಿನ ಕಸ ಅಂದುಕೊಂಡಿದ್ದೆ.

ಹಳೇ_ಸ್ಪ್ಯಾನರ್, ರಾಯಚೂರು

ನನ್ನ ಅನುಮಾನ ಕಂಡೆನ್ಸರ್ ಮೇಲೆ. ಡಿಸ್ಟ್ರಿಬ್ಯೂಟರ್ ಹತ್ತಿರ ಒಂದು ಸ್ಕ್ರೂನಲ್ಲಿ ಕೂತಿರುವ ಸಣ್ಣ ಲೋಹದ ಡಬ್ಬಿ, ಅದರಿಂದ ಒಂದೇ ವೈರ್ ಬರುತ್ತದೆ. ಕಾಯಿಲಿಗಿಂತ ಎಷ್ಟೋ ಅಗ್ಗ. ಮುಂದಿನ ಸಲ ನಿಂತಾಗ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಸೆಲ್ಫ್ ಹೊಡೆಸಿ, ಪಾಯಿಂಟ್ ಕಡೆ ನೋಡಿ. ಬಿಸಿಲಲ್ಲಿ ಕಾಣಲ್ಲ, ತಲೆ ಮೇಲೆ ಟವೆಲ್ ಹಾಕಿಕೊಂಡು ಬಗ್ಗಿ ನೋಡಿ. ಪೆಟ್ರೋಲ್ ಎಲ್ಲೂ ಸೋರುತ್ತಿಲ್ಲ ಅಂತ ಮೊದಲೇ ಖಾತ್ರಿ ಮಾಡಿಕೊಳ್ಳಿ. ಕೂದಲು, ಟವೆಲ್ ಚುಂಗು ಫ್ಯಾನಿಗೆ, ಬೆಲ್ಟಿಗೆ ಸಿಗದ ಹಾಗೆ ನೋಡಿಕೊಳ್ಳಿ.

ಪದ್ಮಿನಿ_ಪ್ರೇಮಿ, ಗಂಗಾವತಿ

ನೋಡಿ, ಟವೆಲ್ ಕೊನೆಗೂ ಕೆಲಸಕ್ಕೆ ಬಂತು. ಆದರೂ ನಾನು ಕಾಯಿಲ್ ಅಂತಲೇ ಹೇಳುತ್ತೇನೆ.

ಬಿಳಿ800_ಬಳ್ಳಾರಿ

ಫಲಿತಾಂಶ ಬಂತು. ಸ್ವಲ್ಪ ಉದ್ದ ಇದೆ.

ಮೊದಲು ಗೆಳೆಯನ 800ರಿಂದ ಓಡುತ್ತಿರುವ ಕಾಯಿಲ್ ತಂದು ಹಾಕಿದೆ. ಸಿರುಗುಪ್ಪ ರಸ್ತೆಯಲ್ಲಿ ಓಡಿಸಿ ಬಿಸಿ ಮಾಡಿ ನಿಲ್ಲಿಸಿದೆ. ಅದೇ ಕಥೆ, ಅದೇ ಕಿತ್ತಳೆ ಕಿಡಿ. ಲ್ಯಾಂಪ್ ಪ್ಲಸ್ ಕಡೆ ಉರಿಯಿತು, ಮೈನಸ್ ಕಡೆ ಮಿಣುಕಿತು. ಹಾಗಾಗಿ ಕಾಯಿಲ್ ಅಲ್ಲ.

ಆಮೇಲೆ ಕ್ಯಾಪ್ ತೆಗೆದೆ. ಎರಡೂ ಕ್ಲಿಪ್ ಸ್ಕ್ರೂಡ್ರೈವರಿನಲ್ಲಿ ಎತ್ತಿದರೆ ಕ್ಯಾಪ್ ಬಂತು. ಒಳಗೆ ಕೆಂಪು ಧೂಳಿನ ಒಂದು ಪದರ. ಟವೆಲ್ ಹೊದ್ದು ಬಗ್ಗಿ ನೋಡಿದರೆ, ನನ್ನ ತಮ್ಮ ಸೆಲ್ಫ್ ಹೊಡೆದಾಗ, ಪಾಯಿಂಟ್ ತೆರೆಯುವ ಪ್ರತಿ ಸಲ ಅಲ್ಲೇ ಬೆಳ್ಳಗೆ ಕಿಡಿ ಹಾರುತ್ತಿದೆ. ಪ್ಲಗ್ಗಿನಲ್ಲಿ ಬರಬೇಕಾದ ಕಿಡಿ ಪಾಯಿಂಟಿನಲ್ಲಿ ಬರುತ್ತಿದೆ!

ಪಾಯಿಂಟ್ ಬಿಚ್ಚಿ ಕೈಯಲ್ಲಿ ಹಿಡಿದು ನೋಡಿದೆ. ಎರಡು ಮುಖಗಳೂ ನೀಲಿ ಕಪ್ಪು. ಒಂದರ ಮೇಲೆ ಸಾಸಿವೆಗಿಂತ ಚಿಕ್ಕ ಗುಬಟು, ಇನ್ನೊಂದರಲ್ಲಿ ಅದಕ್ಕೆ ಸರಿಯಾಗಿ ಒಂದು ಗುಂಡಿ. ಹೊಸ ಪಾಯಿಂಟ್, ಹೊಸ ಕಂಡೆನ್ಸರ್ ಹಾಕಿ, ಸಂದಿ ಅಳೆಯುವ ಫೀಲರ್ ಗೇಜಿನಲ್ಲಿ ಪಾಯಿಂಟಿನ ಗ್ಯಾಪ್ 0.45 ಮಿಮೀ ಇಟ್ಟೆ. ಮಧ್ಯಾಹ್ನವೇ ಹೋಗಿ ಬಂದೆ. ನಿಲ್ಲಿಸಿ, ಬಿಸಿಲಲ್ಲೇ ಬಿಟ್ಟು, ಕೀ ತಿರುಗಿಸಿದೆ. ಸೆಲ್ಫ್ ಪೂರ್ತಿ ಒಂದು ಸುತ್ತು ತಿರುಗಿತೋ ಇಲ್ಲವೋ, ಹಿಡಿಯಿತು.

ಕೌಲ್‌ಬಜಾರ್_ಹುಡುಗ

ಸೂಪರ್ ಅಣ್ಣ! ಕಂಡೆನ್ಸರ್ ಅಂಥದ್ದೇನು ಮಾಡುತ್ತದೆ ಅದು?

ಮೀಟರ್_ಮೇಷ್ಟ್ರು, ಬಳ್ಳಾರಿ

ಪಾಯಿಂಟ್ ಕೂಡಿದ್ದಾಗ ಕಾಯಿಲಿನಲ್ಲಿ ಕರೆಂಟ್ ಹರಿಯುತ್ತಿರುತ್ತದೆ. ಪಾಯಿಂಟ್ ತೆರೆದಾಗ ಆ ಕರೆಂಟ್ ಪಟ್ಟನೆ ನಿಲ್ಲಬೇಕು. ಎಷ್ಟು ಬೇಗ ನಿಲ್ಲುತ್ತದೋ ಪ್ಲಗ್ ಕಡೆ ಅಷ್ಟು ಜೋರು ವೋಲ್ಟ್. ಆದರೆ ಕರೆಂಟಿಗೆ ನಿಲ್ಲುವುದು ಇಷ್ಟ ಇಲ್ಲ, ಆಗ ತಾನೇ ತೆರೆದ ಸಣ್ಣ ಸಂದಿಯನ್ನು ಹಾರಿ ಹೋಗಲು ನೋಡುತ್ತದೆ. ಆ ಗಳಿಗೆಯಲ್ಲಿ ಅದನ್ನು ತನ್ನೊಳಗೆ ಎಳೆದುಕೊಳ್ಳುವುದು ಕಂಡೆನ್ಸರ್. ಅದು ಕೈಕೊಟ್ಟರೆ ಪಾಯಿಂಟಿನಲ್ಲಿ ಕಿಡಿ, ಪ್ಲಗ್ಗಿನಲ್ಲಿ ಸೊನ್ನೆ. ಸಾಮಾನ್ಯವಾಗಿ 0.2 ಮೈಕ್ರೋಫ್ಯಾರಡ್ ಆಸುಪಾಸು ಇರುತ್ತದೆ. ಬಿಸಿಗೆ ಒಳಗಿನ ಸಂಪರ್ಕ ಬಿಟ್ಟುಕೊಂಡು, ತಣ್ಣಗಾದ ಮೇಲೆ ತಾಗಿಕೊಳ್ಳುವುದು ಅದರ ಹಳೇ ಚಾಳಿ.

ಕೊಪ್ಪಳ37

ಒಂದು ತಕರಾರು. ಪಾಯಿಂಟ್ ಬದಲಿಸಿದಿರಿ, ಕಂಡೆನ್ಸರ್ ಬದಲಿಸಿದಿರಿ, ಗ್ಯಾಪ್ ಬೇರೆ ಇಟ್ಟಿರಿ. ಮೂರರಲ್ಲಿ ಯಾವುದು ಕೆಲಸ ಮಾಡಿತು? ಕಂಡೆನ್ಸರ್ ಅಂತ ಹೇಗೆ ಹೇಳುತ್ತೀರಿ? ಪಾಯಿಂಟನ್ನು ಎತ್ತಿ ತೆರೆಯುವ ಫೈಬರ್ ಹಿಮ್ಮಡಿ ಸವೆದು ಗ್ಯಾಪ್ ಮುಚ್ಚಿಕೊಂಡಿದ್ದರೂ ಹೀಗೇ ಆಗುತ್ತದಲ್ಲ.

ಹಳೇ_ಸ್ಪ್ಯಾನರ್, ರಾಯಚೂರು

ಸರಿಯಾದ ಮಾತು. ತಮ್ಮಾ, ಹಳೇ ಕಂಡೆನ್ಸರ್ ಎಸೆದಿಲ್ಲ ತಾನೇ? ಹೊಸ ಪಾಯಿಂಟ್, ಹೊಸ ಗ್ಯಾಪ್ ಹಾಗೇ ಇರಲಿ. ಅದೊಂದನ್ನೇ ವಾಪಸ್ ಹಾಕಿ ನೋಡಿ. ಮನೆ ಹತ್ತಿರವೇ ಮಾಡಿ, ಊರಾಚೆ ಹೋಗಿ ನಿಲ್ಲಬೇಡಿ.

ಬಿಳಿ800_ಬಳ್ಳಾರಿ

ಹಾಕಿದೆ. ಮೋಕಾ ರಸ್ತೆ ಕಡೆ ಓಡಿಸಿ ಮನೆ ಮುಂದೆ ತಂದು ನಿಲ್ಲಿಸಿದೆ. ಕಾಲು ಗಂಟೆ ಬಿಟ್ಟು ಹೊಡೆದರೆ ಇಲ್ಲ. ಸುಮ್ನೆ ಕಿರ್ ಕಿರ್ ತಿರುಗುತ್ತದೆ. ಅಲ್ಲೇ, ಬಿಸಿ ಇದ್ದಾಗಲೇ, ಹೊಸ ಕಂಡೆನ್ಸರಿನ ಸ್ಕ್ರೂ ಬಿಗಿದು ಹೊಡೆದೆ. ಸ್ಟಾರ್ಟ್.

ಕೊಪ್ಪಳ37

ಒಪ್ಪಿದೆ.

ಪದ್ಮಿನಿ_ಪ್ರೇಮಿ, ಗಂಗಾವತಿ

ನಾನೂ ಒಪ್ಪಿದೆ. ಕಾಯಿಲ್ ಹೇಳಿದ್ದನ್ನು ವಾಪಸ್ ತಗೊಂಡೆ.

ಶಕ್ತಿನಗರ_ಸ್ಯಾಂಟ್ರೋ

ನಂದು 2004ರ ಗಾಡಿ, ಎಂಪಿಎಫ್‌ಐ, ಅಂದರೆ ಕಾರ್ಬೊರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್. ಪಾಯಿಂಟೂ ಇಲ್ಲ, ಕಂಡೆನ್ಸರೂ ಇಲ್ಲ. ಬಿಸಿ ಆದ ಮೇಲೆ ಇದೇ ತೊಂದರೆ. ಏನು ನೋಡಲಿ?

ಮೀಟರ್_ಮೇಷ್ಟ್ರು, ಬಳ್ಳಾರಿ

ದಾರಿ ಅದೇ, ಸಾಮಾನು ಬೇರೆ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗಿಂದ ಪಂಪಿನ ಗುಂಯ್ ಸದ್ದು ಎರಡು ಸೆಕೆಂಡ್ ಕೇಳಬೇಕು. ಕೇಳದಿದ್ದರೆ ಪಂಪ್, ರಿಲೇ, ಫ್ಯೂಸ್. ಕೇಳಿದರೆ ಕರೆಂಟ್ ನೋಡಿ. ಕರೆಂಟ್ ಇಲ್ಲದಿದ್ದರೆ ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಮೊದಲ ಅನುಮಾನ ಇಡಿ, ಅದೂ ಬಿಸಿಗೆ ಹೀಗೇ ಆಡುತ್ತದೆ. ಸ್ಕ್ಯಾನರ್ ಹಾಕಿಸುವಾಗಲೂ ಬಿಸಿ ಇದ್ದಾಗಲೇ ಹಾಕಿಸಿ, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಸೊನ್ನೆ ತೋರಿಸುತ್ತದಾ ನೋಡಲು ಹೇಳಿ. ವೈರುಗಳನ್ನು ಇಲಿ ಕಡಿದಿದೆಯಾ ಅಂತಲೂ ಒಮ್ಮೆ ನೋಡಿ. ಭತ್ತದ ಗೋಡೌನ್ ಹತ್ತಿರ ನಿಲ್ಲಿಸುವವರು ತಪ್ಪದೇ ನೋಡಿ.

ಕೆಂಪುಧೂಳು, ಸಂಡೂರು

ನಂದು ಪಾಯಿಂಟ್ ಇರುವ ಓಮ್ನಿ. ಹೊಸ ಕಂಡೆನ್ಸರ್ ಹಾಕಿಸಿ ಸ್ಪೇರ್ ಒಂದು ಇಟ್ಟುಕೊಳ್ಳಲಾ?

ಹಳೇ_ಸ್ಪ್ಯಾನರ್, ರಾಯಚೂರು

ಈಗಿರುವುದು ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಮುಟ್ಟಬೇಡಿ. ಈಗ ಸಿಗುವ ಕಂಡೆನ್ಸರುಗಳಲ್ಲಿ ಡಬ್ಬಿಯಿಂದ ತೆಗೆದಾಗಲೇ ಕೆಟ್ಟಿರುವವೂ ಇವೆ. ಎಷ್ಟೋ ಸಲ ಮೂವತ್ತು ವರ್ಷದ ಹಳೆಯದೇ ಗಟ್ಟಿ. ಹೊಸದು ತಗೊಂಡರೆ ಗಾಡಿಗೆ ಹಾಕಿ, ಬಿಸಿಲಲ್ಲಿ ಒಂದು ವಾರ ಓಡಿಸಿ, ಸರಿ ಇದೆ ಅಂತ ಖಾತ್ರಿ ಆದ ಮೇಲೆ ಅದನ್ನು ಬಿಚ್ಚಿ ಸ್ಪೇರ್ ಅಂತ ಡ್ಯಾಶ್‌ಬೋರ್ಡಿನಲ್ಲಿ ಇಡಿ. ಪರೀಕ್ಷೆ ಮಾಡದ ಸ್ಪೇರ್ ನಂಬಿ ಹೊರಟರೆ ರಾತ್ರಿ ದಾರಿಯಲ್ಲಿ ನಿಂತು ತಲೆ ಕೆರೆದುಕೊಳ್ಳಬೇಕಾಗುತ್ತದೆ.

ಪಾಯಿಂಟ್ ಹಾಕುವಾಗ, ತಿರುಗುತ್ತಾ ಹಿಮ್ಮಡಿಯನ್ನು ಎತ್ತುವ ಕ್ಯಾಮ್ ಮೇಲೆ ಒಂದು ಚಿಟಿಕೆ ಗ್ರೀಸ್ ಸವರಲು ಮರೆಯಬೇಡಿ. ಒಂದು ಚಿಟಿಕೆ ಅಷ್ಟೇ, ಜಾಸ್ತಿ ಹಾಕಿದರೆ ಪಾಯಿಂಟ್ ಮೇಲೆ ಸಿಡಿಯುತ್ತದೆ. ಗ್ರೀಸ್ ಇಲ್ಲದಿದ್ದರೆ ಫೈಬರ್ ಹಿಮ್ಮಡಿ ಬೇಗ ಸವೆಯುತ್ತದೆ, ಕೊಪ್ಪಳದವರು ಹೇಳಿದ ಹಾಗೆ ಗ್ಯಾಪ್ ಮುಚ್ಚಿಕೊಳ್ಳುತ್ತದೆ. ಸಂಡೂರಿನ ಧೂಳಿಗೆ ಕ್ಯಾಪ್ ಒಳಗೂ ಆಗಾಗ ಒಣ ಬಟ್ಟೆಯಲ್ಲಿ ಒರೆಸಿ.

ಕೆಂಪುಧೂಳು, ಸಂಡೂರು

ಗ್ರೀಸ್ ಯಾವುದು, ಬೇರಿಂಗ್ ಗ್ರೀಸ್ ನಡೆಯುತ್ತದಾ?

ಹಳೇ_ಸ್ಪ್ಯಾನರ್, ರಾಯಚೂರು

ಬಿಸಿಗೆ ಕರಗಿ ಹರಿಯದ ಗ್ರೀಸ್ ಇರಲಿ. ಡಿಸ್ಟ್ರಿಬ್ಯೂಟರಿಗೆ ಅಂತಲೇ ಸಣ್ಣ ಟ್ಯೂಬ್ ಸಿಕ್ಕರೆ ಅದೇ ಒಳ್ಳೆಯದು, ಇಲ್ಲದಿದ್ದರೆ ವೀಲ್ ಬೇರಿಂಗಿನ ಗಟ್ಟಿ ಗ್ರೀಸ್ ನಡೆಯುತ್ತದೆ.